ದೊಡ್ಡ ಗಾಡಿ, ಸಪೂರ ವಯರ್

ಮೂವತ್ತು ನಲವತ್ತು ಲಕ್ಷದ, ಕೆಲವೊಮ್ಮೆ ಕೋಟಿ ದಾಟಿದ ಎಸ್‌ಯುವಿಗಳು ಈಗ ನಮ್ಮ ರಸ್ತೆಗಳಲ್ಲೂ ಓಡಾಡ್ತವೆ. ಫಾರ್ಚ್ಯೂನರ್, ಲ್ಯಾಂಡ್ ಕ್ರೂಸರ್, ರೇಂಜ್ ರೋವರ್... ಹೆಸರುಗಳು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಅಷ್ಟು ದುಡ್ಡು ಕೊಟ್ಟು ತಂದ ಮೇಲೂ ಗಾಡಿ ಪೂರ್ತಿಯಾಯ್ತು ಅಂತ ಯಾರಿಗೂ ಅನಿಸೋದಿಲ್ಲ. ಎದುರಿಗೆ ಎಲ್‌ಇಡಿ ಬಾರ್ ಬೇಕು, ಜೋರು ಹಾರ್ನ್ ಬೇಕು, ಸೀಟಿಗೆ ಕವರ್, ತಲೆಯ ಮೇಲೆ ಕ್ಯಾರಿಯರ್, ಮೂತಿಗೊಂದು ಕಬ್ಬಿಣದ ಬುಲ್ ಬಾರ್. ವಿಡಿಯೋ ನೋಡಿ ಮನೆಯಂಗಳದಲ್ಲೇ ಇವನ್ನೆಲ್ಲ ಜೋಡಿಸುವವರಿದ್ದಾರೆ. ಪಕ್ಕದಲ್ಲಿ ಟಾರ್ಚು, ಸ್ಪ್ಯಾನರು ಹಿಡಿದು ನಿಲ್ಲುವವರು ಹೆಚ್ಚಾಗಿ ನಿಮ್ಮ ವಯಸ್ಸಿನವರೇ.

"ನೀವೇ ಕೈ ಹಾಕಬೇಡಿ, ಶೋರೂಮಿಗೆ ಕೊಡಿ" ಎಂದು ಹೇಳಿ ಮುಗಿಸುವುದು ಸುಲಭ. ನಾನು ಆ ಪಕ್ಷದವನಲ್ಲ. ಒಂದು ದೀಪವನ್ನು ಸ್ವತಃ ಬಿಚ್ಚಿ ಜೋಡಿಸಿದವನಿಗೆ ಹತ್ತುವಷ್ಟು ವಿಜ್ಞಾನ, ಅದರ ಚಿತ್ರ ಬರೆದು ಐದು ಅಂಕ ತೆಗೆದವನಿಗೆ ಹತ್ತುವುದಿಲ್ಲ. ಆದರೆ ನನ್ನದೊಂದು ಷರತ್ತು ಉಂಟು: ಕೈ ಹಾಕುವ ಮೊದಲು ಲೆಕ್ಕ ಮಾಡಬೇಕು. ಲೆಕ್ಕವೇನೂ ದೊಡ್ಡದಲ್ಲ, ಹತ್ತನೇ ತರಗತಿಯದ್ದೇ.

120 ವಾಟಿನ ಎಲ್‌ಇಡಿ ಬಾರ್ ಇದೆ ಅಂತಿಟ್ಟುಕೊಳ್ಳಿ. ಬ್ಯಾಟರಿ 12 ವೋಲ್ಟ್. ಭಾಗಿಸಿದರೆ 10 ಆಂಪಿಯರ್. ಮನೆಯ ಫ್ಯಾನು ಅರ್ಧ ಆಂಪಿಯರಿನೊಳಗೇ ತಿರುಗುತ್ತದೆ ಎಂಬುದು ನೆನಪಿರಲಿ. ವೋಲ್ಟೇಜ್ ಕಡಿಮೆ ಇರುವಲ್ಲಿ ಕರೆಂಟು ಜಾಸ್ತಿ ಬೇಕು. "12 ವೋಲ್ಟ್ ತಾನೇ, ಏನಾಗ್ತದೆ?" ಎನ್ನುವವರು ಮರೆಯುವುದು ಇದನ್ನೇ.

ಇನ್ನು ವಯರ್. ಮನೆಯಲ್ಲಿ ಬಿದ್ದಿದ್ದ 0.5 ಚದರ ಮಿಲಿಮೀಟರಿನ ಸಪೂರ ವಯರ್ 5 ಮೀಟರ್ ಎಳೆದರು ಅನ್ನಿ. ತಾಮ್ರದ ರೋಧಶೀಲತೆ ಸುಮಾರು 1.7 × 10⁻⁸ ಓಮ್ ಮೀಟರ್. ಉದ್ದದಿಂದ ಗುಣಿಸಿ, ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿದರೆ ರೋಧ 0.17 ಓಮ್. ಇಷ್ಟೇನಾ ಅನ್ನಬೇಡಿ. ಕರೆಂಟಿನ ವರ್ಗ 100, ಅದನ್ನು 0.17ರಿಂದ ಗುಣಿಸಿದರೆ 17 ವಾಟ್ ಶಾಖ. ದೀಪಕ್ಕೆ ಹೋಗಬೇಕಾದ 1.7 ವೋಲ್ಟು ವಯರಿನಲ್ಲೇ ಖರ್ಚು. 2.5 ಚದರ ಮಿಲಿಮೀಟರಿನ ವಯರ್ ಹಾಕಿದ್ದರೆ ಇದೇ ಶಾಖ 3.4 ವಾಟಿಗೆ ಇಳಿಯುತ್ತಿತ್ತು. ಬೆಲೆಯ ವ್ಯತ್ಯಾಸ ಎಷ್ಟು? ಆ ಗಾಡಿಯ ಒಂದು ಟಯರಿಗೆ ಕೊಡುವ ದುಡ್ಡಿನ ಮುಂದೆ ಲೆಕ್ಕಕ್ಕೇ ಇಲ್ಲ.

ಆದರೂ ಆ 17 ವಾಟು 5 ಮೀಟರಿನುದ್ದಕ್ಕೆ ಹಂಚಿಹೋಗುತ್ತದೆ. ನಿಜವಾಗಿ ಹೆದರಬೇಕಾದದ್ದು ಜಾಯಿಂಟಿಗೆ. ಎರಡು ತುದಿಗಳನ್ನು ಕೈಯಲ್ಲಿ ತಿರುಚಿ, ಮೇಲೊಂದು ಟೇಪು ಸುತ್ತಿ ಬಿಡ್ತಾರಲ್ಲ, ಅದು ಮಳೆಗಾಲ ಕಳೆಯುವಷ್ಟರಲ್ಲಿ ಕಿಲುಬು ಹಿಡಿಯುತ್ತದೆ. ಅಲ್ಲಿ ಬರೀ 0.1 ಓಮ್ ರೋಧ ಹುಟ್ಟಿಕೊಂಡರೂ ಸಾಕು, ಬೆರಳ ತುದಿಯಷ್ಟು ಜಾಗದಲ್ಲಿ 10 ವಾಟ್ ಶಾಖ ಕೂತಿರುತ್ತದೆ. ಸುತ್ತಲೂ ಪ್ಲಾಸ್ಟಿಕ್, ಪಕ್ಕದಲ್ಲಿ ಬಿಸಿ ಎಂಜಿನ್.

ಫ್ಯೂಸ್ ಇದೆಯಲ್ಲ ಅಂತೀರಾ? ಫ್ಯೂಸ್ ಇರುವುದು ದೀಪ ಕಾಯುವುದಕ್ಕಲ್ಲ, ವಯರ್ ಕಾಯುವುದಕ್ಕೆ. ಅದಕ್ಕೇ ಅದು ಬ್ಯಾಟರಿಯ ಹತ್ತಿರವೇ ಇರಬೇಕು. ದೀಪದ ಬುಡದಲ್ಲಿ ಕೂರಿಸಿದರೆ, ನಡುವೆ ಎಲ್ಲೋ ವಯರ್ ಉಜ್ಜಿ ಬಾಡಿಗೆ ತಾಗಿದಾಗ ತಡೆಯುವವರೇ ಇಲ್ಲ. 10 ಆಂಪಿಯರಿನ ದೀಪಕ್ಕೆ ನೀಲಿ ಬಣ್ಣದ 15 ಆಂಪಿಯರ್ ಫ್ಯೂಸ್ ಸಾಕು. ಅದು ಪದೇ ಪದೇ ಹೋಗ್ತದೆ ಅಂತ ಹಸಿರು ಬಣ್ಣದ 30ರದ್ದು ಹಾಕಿದರೆ, ಸಪೂರ ವಯರೇ ಫ್ಯೂಸ್ ಆಗುತ್ತದೆ. ಇನ್ನು 10 ಆಂಪಿಯರನ್ನು ಡ್ಯಾಶ್‌ಬೋರ್ಡಿನ ಪುಟ್ಟ ಸ್ವಿಚ್ಚಿನ ಮೂಲಕ ಹಾಯಿಸಬಾರದು. ನಡುವೆ ರಿಲೇ ಬೇಕು. ರಿಲೇ ಅಂದರೆ ನೀವು ಓದಿದ ವಿದ್ಯುತ್ಕಾಂತವೇ: ಸ್ವಿಚ್ಚಿನಿಂದ ಬರುವ ಸಣ್ಣ ಕರೆಂಟು 85 ಮತ್ತು 86 ಅಂಕಿಯ ಕಾಲುಗಳ ನಡುವಿನ ಸುರುಳಿಯಲ್ಲಿ ಹರಿದು, 30 ಮತ್ತು 87ರ ನಡುವಿನ ದೊಡ್ಡ ದಾರಿಯನ್ನು ತೆರೆಯುತ್ತದೆ.

ಗ್ಯಾರೇಜಿನಲ್ಲಿ ಗಾಡಿಯ ಬಾಡಿಗೆ "ಅರ್ಥ್" ಅಂತಾರೆ. ರಬ್ಬರ್ ಟಯರಿನ ಮೇಲೆ ನಿಂತ ಗಾಡಿಗೆ ಭೂಮಿಯ ಸಂಪರ್ಕ ಎಲ್ಲಿಂದ ಬಂತು ಮಾರಾಯ್ರೇ? ಅದು ಕರೆಂಟು ಬ್ಯಾಟರಿಗೆ ಹಿಂದಿರುಗುವ ದಾರಿ, ಅಷ್ಟೆ. ಇದು ತಿಳಿದರೆ ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು ಯಾಕೆ ಎಂಬುದೂ ತಿಳಿಯುತ್ತದೆ. ನೆಗೆಟಿವ್ ಇನ್ನೂ ಜೋಡಿಸಿರುವಾಗಲೇ ಪಾಸಿಟಿವ್ ಬಿಚ್ಚಲು ಹೋಗಿ ಸ್ಪ್ಯಾನರು ಬಾಡಿಗೆ ತಾಗಿತೋ, ನೂರಾರು ಆಂಪಿಯರ್ ಆ ಸ್ಪ್ಯಾನರಿನಲ್ಲೇ ಹರಿಯುತ್ತದೆ. ಶಾಕ್ ಹೊಡೆಯುವುದಿಲ್ಲ, ಕೈ ಸುಡುತ್ತದೆ.

ದುಬಾರಿ ಗಾಡಿಗಳದ್ದು ಇನ್ನೊಂದು ತಮಾಷೆ. ಅವುಗಳ ಕಂಪ್ಯೂಟರ್ ಪ್ರತಿ ಬಲ್ಬಿನ ಕರೆಂಟನ್ನು ಅಳೆಯುತ್ತಿರುತ್ತದೆ. 21 ವಾಟಿನ ಇಂಡಿಕೇಟರ್ ಬಲ್ಬು ತೆಗೆದು ಎಲ್‌ಇಡಿ ಹಾಕಿದರೆ ಕರೆಂಟು ಇಳಿಯುತ್ತದೆ, ಕಂಪ್ಯೂಟರ್ "ಬಲ್ಬ್ ಹೋಗಿದೆ" ಅನ್ನುತ್ತದೆ. ಅದನ್ನು ನಂಬಿಸಲಿಕ್ಕೆ 6 ಓಮಿನ ರೆಸಿಸ್ಟರ್ ಮಾರ್ತಾರೆ. 12ರ ವರ್ಗ 144, ಭಾಗಿಸು 6, ಅಂದರೆ 24 ವಾಟ್. ಕರೆಂಟು ಉಳಿಸಲು ಎಲ್‌ಇಡಿ ತಂದು, ಹಳೇ ಬಲ್ಬಿಗಿಂತ ಜಾಸ್ತಿ ಕರೆಂಟನ್ನು ಬರೀ ಬಿಸಿ ಮಾಡಲಿಕ್ಕೆ ಸುರಿದ ಹಾಗಾಯ್ತು!

ಸೀಟ್ ಕವರಿನಲ್ಲಿ ಕರೆಂಟೇ ಇಲ್ಲ, ಆದರೂ ಬೆಲ್ಟು ಬಿಗಿಯುವ ಮೊದಲು ಸೀಟಿನ ಬದಿ ನೋಡಿ. ಅಲ್ಲೊಂದು ಏರ್‌ಬ್ಯಾಗ್ ಗುರುತು ಇದ್ದರೆ, ಆ ಹೊಲಿಗೆ ಹರಿದುಕೊಂಡೇ ಬ್ಯಾಗು ಹೊರಬರಬೇಕು, ಅದೂ ನಾವು ಕಣ್ಣು ಮಿಟುಕಿಸುವುದಕ್ಕಿಂತ ಬೇಗ. ಮೇಲೊಂದು ದಪ್ಪ ರೆಕ್ಸಿನ್ ಬಿಗಿದರೆ ಅದಕ್ಕೆ ದಾರಿ ಎಲ್ಲಿ?

ಬುಲ್ ಬಾರಿಗೆ ಮಾತ್ರ ನನ್ನದು ಖಡಾಖಂಡಿತ "ಬೇಡ". ಗಾಡಿಯ ಮೂತಿ ನುಜ್ಜಾಗುವಂತೆ ಬೇಕೆಂದೇ ಮಾಡಿರುತ್ತಾರೆ. ನುಜ್ಜಾಗುವಷ್ಟು ಹೊತ್ತು ಸಿಕ್ಕರೆ, ಅದೇ ಸಂವೇಗ ಹೆಚ್ಚು ಸಮಯದಲ್ಲಿ ಕಳೆಯುತ್ತದೆ, ಒಳಗಿದ್ದವರ ಮೇಲಿನ ಬಲ ತಗ್ಗುತ್ತದೆ. ಏರ್‌ಬ್ಯಾಗಿನ ಸೆನ್ಸರನ್ನೂ ಆ ಮೂತಿಗೆ ಹೊಂದಿಸಿಯೇ ಇಟ್ಟಿರುತ್ತಾರೆ. ಕಬ್ಬಿಣದ ಕೊಳವೆ ಬಿಗಿದರೆ ಎರಡೂ ಕೆಡುತ್ತವೆ. ಹೊರಗಿನವರ ಗತಿ? ಆ ಕೊಳವೆ ಇರುವುದು ಸರಿಯಾಗಿ ಶಾಲೆಗೆ ನಡೆದು ಹೋಗುವ ಮಗುವಿನ ಎದೆಯ ಎತ್ತರದಲ್ಲಿ. 2017ರ ಡಿಸೆಂಬರಿನಲ್ಲೇ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ ಇದರ ಮೇಲೆ ಕ್ರಮ ಕೈಗೊಳ್ಳಿ ಎಂದು ರಾಜ್ಯಗಳಿಗೆ ಬರೆಯಿತು. ಕೇರಳದಿಂದ ಹೋದ ಮೊಕದ್ದಮೆಯೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕಂಪನಿಯ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ ಎಂದಿತು. ಎಲ್‌ಇಡಿ ಬಾರಿಗೂ ನನ್ನ ಒಪ್ಪಿಗೆ ಕಾಡುದಾರಿಯಲ್ಲಿ ಮಾತ್ರ. ರಾತ್ರಿ ಹೈವೇಯಲ್ಲಿ ಅದನ್ನು ಹಾಕಿದರೆ ಎದುರಿನ ಬೈಕಿನವನಿಗೆ ಕೆಲವು ಸೆಕೆಂಡು ಏನೂ ಕಾಣುವುದಿಲ್ಲ.

ಹಾಗಾದರೆ ಏನೂ ಅಪಾಯವಿಲ್ಲದ ಕೆಲಸ ಯಾವುದು, ಕಾಲಡಿಯ ಮ್ಯಾಟ್ ಹಾಕುವುದೇ? 2009ರ ಆಗಸ್ಟಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೆಕ್ಸಸ್ ಇಎಸ್ 350 ಕಾರೊಂದರ ವೇಗ ಇಳಿಯಲೇ ಇಲ್ಲ, ನಾಲ್ವರು ಸತ್ತರು. ಆ ಕಾರಿನಲ್ಲಿ ಹಾಕಿದ್ದದ್ದು ಅದೇ ಕಂಪನಿಯ ಐಷಾರಾಮಿ ಎಸ್‌ಯುವಿ ಆರ್‌ಎಕ್ಸ್ 400ಎಚ್‌ನ ರಬ್ಬರ್ ಮ್ಯಾಟ್. ಅಳತೆ ಬೇರೆ. ಅದರ ಅಂಚು ಆಕ್ಸಿಲರೇಟರನ್ನು ಕಚ್ಚಿ ಹಿಡಿದಿತ್ತು. ಮುಂದಿನ ತಿಂಗಳು ಟೊಯೊಟಾ ಇದೇ ಕಾರಣಕ್ಕೆ ಸುಮಾರು 38 ಲಕ್ಷ ಗಾಡಿಗಳ ಬಗ್ಗೆ ಎಚ್ಚರಿಕೆ ಕೊಡಬೇಕಾಯಿತು. ಇವತ್ತು ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಕಾರಿದ್ದರೆ, ಅದು ದೊಡ್ಡದೇ ಆಗಬೇಕೆಂದಿಲ್ಲ, ಡ್ರೈವರ್ ಬದಿಯ ಮ್ಯಾಟ್ ಕೊಕ್ಕೆಗೆ ಸಿಕ್ಕಿಸಿದೆಯಾ, ಒಂದರ ಮೇಲೊಂದು ಎರಡು ಮ್ಯಾಟ್ ಹಾಕಿದ್ದಾರಾ ನೋಡಿ. ದೊಡ್ಡವರಿಗೆ ಹೇಳಿ, ಎಂಜಿನ್ ಆಫ್ ಮಾಡಿ, ಪೆಡಲನ್ನು ಪೂರ್ತಿ ಒತ್ತಿ ಬಿಡಲಿ. ಎಲ್ಲೂ ತಾಗದೆ ಮೇಲೆ ಬರಬೇಕು.