ರಬ್ಬರಿನ ಆನೆಯೂ ಅವ್ವನ ಮುಖವೂ



ಬೇಸಿಗೆ ರಜೆಗೆಂದು ಮೈಸೂರಿನಿಂದ ಕೊಳ್ಳೇಗಾಲಕ್ಕೆ ಬಂದಿದ್ದ ಮೊಮ್ಮಗನು ಒಂದು ಸಂಜೆ ನನ್ನನ್ನು ಗಣಕಯಂತ್ರದ ಮುಂದೆ ಕೂರಿಸಿ, "ತಾತ, ಇದನ್ನು ನೋಡಿ" ಎಂದನು. ಪರದೆಯ ಮೇಲೆ ಬಿಳಿಗಿರಿರಂಗನ ಬೆಟ್ಟದಂತಹ ಕಾಡು. ನಡುವೆ ಒಂದು ಆನೆ. ಅದರ ಮೈಯೆಲ್ಲ ರಬ್ಬರು! ಜಾತ್ರೆಯಲ್ಲಿ ಮಾರುವ, ಹಿಚುಕಿದರೆ ಕೀ ಎನ್ನುವ ಆಟಿಕೆಯ ಹಾಗೆ. ಕೃತಕ ಬುದ್ಧಿಮತ್ತೆಯಿಂದ ತಾನೇ ಮಾಡಿಸಿದ್ದೆಂದು ಹೇಳಿದನು. ಬೆರಳಿನಿಂದ ಒತ್ತಿದರೆ ತಗ್ಗಿ ಮತ್ತೆ ಉಬ್ಬೀತೆಂಬ ಭ್ರಮೆ ನನಗಾಯಿತು. ಒತ್ತಿಯೂ ನೋಡಿದೆನೆಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ.

ಮೂವತ್ತು ವರ್ಷ ಪಾಠ ಹೇಳಿದವನು "ಅದು ಹೇಗೆ?" ಎಂದು ಕೇಳದಿರಲಾರನು. ಹುಡುಗನು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. 2022ರ ಆಗಸ್ಟಿನಲ್ಲಿ ಬಿಡುಗಡೆಯಾದ ಸ್ಟೇಬಲ್ ಡಿಫ್ಯೂಷನ್‌ನಂತಹ ಮಾದರಿಗಳು ಕೋಟಿಗಟ್ಟಲೆ ಚಿತ್ರಗಳನ್ನು ಅವುಗಳ ವಿವರಣೆಯೊಡನೆ ಕಂಡು ಕಲಿತಿವೆ. ಅಂತಹ ಮಾದರಿಗೆ 'ಲೋರಾ' ಎಂಬ ಚಿಕ್ಕದೊಂದು ಶೈಲಿಕಡತವನ್ನು ಜೋಡಿಸುತ್ತಾರೆ. ಮೈಕ್ರೋಸಾಫ್ಟಿನ ಸಂಶೋಧಕರು 2021ರಲ್ಲಿ ಭಾಷಾಮಾದರಿಗಳಿಗಾಗಿ ಪ್ರಕಟಿಸಿದ ಉಪಾಯವಿದು. ಚಿತ್ರ ಮಾಡುವವರು ಬೇಗನೆ ತಮ್ಮದಾಗಿಸಿಕೊಂಡರು. ರಬ್ಬರಿನ ವಸ್ತುಗಳ ಕೆಲವು ಹತ್ತು ಚಿತ್ರಗಳನ್ನು ತೋರಿಸಿದರೂ ಸಾಕು, ರಬ್ಬರಿನ ಲಕ್ಷಣಗಳು ಅದಕ್ಕೆ ಹಿಡಿಸುತ್ತವೆ: ಅಗಲವಾಗಿ ಹರಡಿ ಮಂದವಾಗುವ ಹೊಳಪು, ದುಂಡಗಾದ ಅಂಚು, ರೋಮವಿಲ್ಲದ ಮೈ, ಅಚ್ಚಿನ ಎರಡು ಹೋಳುಗಳು ಕೂಡಿದೆಡೆಯ ಸಣ್ಣ ಗೆರೆ. ಶೈಲಿಯ ಪ್ರಮಾಣವನ್ನು 0.6ಕ್ಕೆ ಇಟ್ಟಾಗ ಆನೆ ಮಾತ್ರ ರಬ್ಬರಾಗಿತ್ತು. 1ಕ್ಕೆ ಏರಿಸಿದೊಡನೆ ಬಂಡೆ, ಮರ, ಮೋಡಗಳೆಲ್ಲ ಬಲೂನುಗಳಾದವು. "ಬೆಳಕು ಒಂದೇ ಪಕ್ಕದಿಂದ ಬೀಳಲಿ, ಮೈಮೇಲೆ ತುಸು ಧೂಳಿರಲಿ ಎಂದು ಬರೆ" ಎಂದೆ. ಬರೆದನು. ಹಳೆಯ ಆಟಿಕೆಯ ಕಳೆ ಬಂದೇಬಿಟ್ಟಿತು.

ನನ್ನನ್ನು ಬಹುವಾಗಿ ಸೆಳೆದದ್ದು ಇನ್ನೊಂದು ಸಂಗತಿ. ಈ ಯಂತ್ರವು ಗೆರೆ ಎಳೆಯುವುದಿಲ್ಲ. ಮರಳು ಎರಚಿದಂತಹ ಚುಕ್ಕಿಗಳ ಗೊಂದಲದಿಂದ ಹೊರಟು, ಬೇಡದ್ದನ್ನು ಹಂತಹಂತವಾಗಿ ಅಳಿಸುತ್ತಾ ಚಿತ್ರಕ್ಕೆ ಬರುತ್ತದೆ. ರಬ್ಬರಿಗೆ ಇಂಗ್ಲಿಷಿನಲ್ಲಿ ಆ ಹೆಸರು ಬಂದದ್ದೂ ಸೀಸದ ಗೆರೆಯನ್ನು ಉಜ್ಜಿ ಅಳಿಸುವ ಗುಣದಿಂದಲೇ. 1770ರಲ್ಲಿ ಜೋಸೆಫ್ ಪ್ರೀಸ್ಟ್ಲಿಯು ಆ ಗುಣವನ್ನು ಬರೆದಿಟ್ಟಿದ್ದಾನೆ. ನನ್ನ ತರಗತಿಯಲ್ಲಿ ಕುಳಿತವರಿಗೆ ನೆನಪಿರಬಹುದು, ನಕ್ಷೆ ಬರೆಯಿಸುವ ದಿನ ನಿಮ್ಮೆಲ್ಲರ ರಬ್ಬರುಗಳು ನನ್ನ ಮೇಜಿನ ಮೇಲಿರುತ್ತಿದ್ದವು. ಶಿವನಸಮುದ್ರದ ಬಳಿ ಕಾವೇರಿಯನ್ನು ಕವಲೊಡೆಸಲು ಮರೆತವನ ತಪ್ಪು ಹಾಳೆಯ ಮೇಲೆಯೇ ಉಳಿಯಬೇಕೆಂಬುದು ನನ್ನ ಹಠವಾಗಿತ್ತು. ಅದಕ್ಕಾಗಿ ನನ್ನನ್ನು ಬೈದುಕೊಂಡವರು ಈ ಪುಟದ ಓದುಗರಲ್ಲಿಯೂ ಇದ್ದಾರೆ.

ಯಂತ್ರದ ಚಿತ್ರವೆಂದರೆ ಬರಿಯ ಮೋಸವೆಂದು ನಮ್ಮ ಬಂಧುಗಳಲ್ಲಿ ಕೆಲವರ ಮತ. ನಾನು ಹಾಗೆನ್ನಲಾರೆ. ಒಂದು ವಸ್ತುವಿಗೆ ಮತ್ತೊಂದರ ಮೈಗುಣವನ್ನು ತರುವ ಆಸೆ ಹೊಸದಲ್ಲ. ಮೊಮ್ಮಗನನ್ನು ಯಳಂದೂರಿನ ಗೌರೀಶ್ವರ ದೇವಾಲಯಕ್ಕೆ ಕರೆದೊಯ್ದು ಬಳೆಮಂಟಪವನ್ನು ತೋರಿಸಿದೆನು. ಮೂಲೆಯಲ್ಲಿ ಒಂದರೊಳಗೊಂದು ಸೇರಿಕೊಂಡ ಬಳೆಗಳು, ಎಲ್ಲವೂ ಕಲ್ಲು. ಬಗ್ಗಿಸಿ ತೊಡಿಸಿದಂತೆ ಕಾಣುತ್ತವೆ. ಹುಡುಗನು ಬಹಳ ಹೊತ್ತು ಕತ್ತೆತ್ತಿ ನೋಡಿ, "ಇದನ್ನು ಅಳಿಸಿ ಮತ್ತೆ ಮಾಡುವ ಹಾಗಿರಲಿಲ್ಲ, ಅಲ್ಲವೇ ತಾತ?" ಎಂದನು. ಉಳಿ ಒಮ್ಮೆ ಜಾರಿದರೆ ಬಳೆಯೇ ಹೋಯಿತು. ಆದುದರಿಂದ ಆನೆಯನ್ನು ರಬ್ಬರು ಮಾಡಿದವನ ಮೇಲೆ ನನಗೆ ಸಿಟ್ಟಿಲ್ಲ. ರಬ್ಬರೆಂದು ಹೇಳಿಯೇ ಮಾಡಿದ್ದಾನೆ.

ಸಿಟ್ಟು ಬಂದದ್ದು, ಅದಕ್ಕಿಂತ ಹೆಚ್ಚಾಗಿ ಸಂಕಟವಾದದ್ದು, ಮರುದಿನ. ನಮ್ಮ ಅವ್ವನದು ಉಳಿದಿರುವುದು ಒಂದೇ ಭಾವಚಿತ್ರ, 1978ರಲ್ಲಿ ತೆಗೆಸಿದ್ದು. ಗೆದ್ದಲು ಒಂದು ಅಂಚನ್ನು ತಿಂದಿದೆ. ಹುಡುಗನು ಪ್ರೀತಿಯಿಂದಲೇ ಅದನ್ನು ಸರಿಪಡಿಸಿ ತಂದನು. ಗೆದ್ದಲಿನ ಗುರುತು ಹೋಗಿತ್ತು. ಕೆನ್ನೆಯ ಮೇಲಿನ ಸಿಡುಬಿನ ಕಲೆಗಳೂ ಹೋಗಿದ್ದವು; ಹುಬ್ಬುಗಳ ನಡುವಿನ ಹಚ್ಚೆಯೂ ಹೋಗಿತ್ತು. ಹನೂರು ಕಡೆಯ ಹೊಲಗಳಲ್ಲಿ ರಾಗಿ ಕೊಯ್ದು ಬಿಸಿಲಿಗೆ ಸುಕ್ಕಾದ ಮುಖವು ನುಣ್ಣನೆಯ ಬೊಂಬೆಯ ಮುಖವಾಗಿತ್ತು. "ರಬ್ಬರಿನ ಶೈಲಿಯನ್ನು ಇದಕ್ಕೂ ಹಚ್ಚಿದೆಯಾ?" ಎಂದು ಕೇಳಿದೆ. ಇಲ್ಲವೆಂದನು. ನಿಜವೇ ಇರಬೇಕು. ತಿದ್ದಿ ನಯಗೊಳಿಸಿದ ಮುಖಗಳನ್ನು ಬೇಕಾದಷ್ಟು ಕಂಡು ಬೆಳೆದ ಯಂತ್ರಕ್ಕೆ ಗೆದ್ದಲಿನ ತೂತೂ ಸಿಡುಬಿನ ಕಲೆಯೂ ಒಂದೇ, ಎರಡೂ ಅಳಿಸತಕ್ಕ ಕೊಳೆ. ಯಾರೂ ಕೇಳದೆಯೇ ರಬ್ಬರು ಬಂದುಬಿಡುತ್ತದೆ. ಹಬ್ಬದ ದಿನಗಳಲ್ಲಿ ಮೊಬೈಲಿಗೆ ಬರುವ ಮಾದಪ್ಪನ ಚಿತ್ರಗಳನ್ನು ನೋಡಿರಿ. ಹುಲಿಗೂ ದೇವರಿಗೂ ಒಂದೇ ಚರ್ಮ.

ನಮ್ಮ ಮನೆಗಳಲ್ಲಿ ತೀರಿಹೋದವರ ಚಿತ್ರಗಳನ್ನು ಹೀಗೆ ತಿದ್ದಿಸಿ ತಿಥಿಯ ದಿನ ಹಾರ ಹಾಕುವವರು ಈಚೆಗೆ ಹೆಚ್ಚುತ್ತಿದ್ದಾರೆ. ದಯವಿಟ್ಟು ಮೂಲವನ್ನು ಎಸೆಯಬೇಡಿರಿ. ಹರಿದಿದ್ದರೆ ಹರಿದ ಜಾಗವನ್ನಷ್ಟೇ ಗುರುತಿಸಿಕೊಟ್ಟು ಸರಿಪಡಿಸಿಕೊಳ್ಳಿರಿ. ಮುಖವನ್ನು ಯಂತ್ರಕ್ಕೆ ಬಿಟ್ಟುಕೊಡಬೇಡಿರಿ. ಮೊಮ್ಮಗನು ಎರಡನೆಯ ಸಲ ಹಾಗೆಯೇ ಮಾಡಿದನು. ಅಂಚು ಮಾತ್ರ ಕೂಡಿಕೊಂಡಿತು, ಅವ್ವ ಅವ್ವನಾಗಿಯೇ ಉಳಿದಳು.

ಆ ಚಿತ್ರಕ್ಕೆ ಕಟ್ಟು ಹಾಕಿಸಲು ಹೋಗುವಾಗ ಹುಡುಗನು ದಾರಿಯಲ್ಲಿ, "ತಾತ, ಮುತ್ತಜ್ಜಿಗೆ ಸಿಡುಬು ಯಾವಾಗ ಆಗಿತ್ತು?" ಎಂದು ಕೇಳಿದನು. ಅಂಗಡಿ ಬರುವವರೆಗೂ ಹೇಳುತ್ತಾ ನಡೆದೆನು.