ಮನೆಯಂಗಳದ ಧ್ವನಿಮುದ್ರಣ

ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ಅವರ ಪ್ರಸಾರಯಂತ್ರದ ಶಕ್ತಿ ಕೇವಲ 30 ವಾಟ್. ಒಂದು ಮಂಕು ದೀಪ ಉರಿಯಲು ಬೇಕಾದಷ್ಟು. ಭಾರತದ ಬಾನುಲಿಗೆ 'ಆಕಾಶವಾಣಿ' ಎಂಬ ನಾಮಧೇಯ ಬಂದದ್ದು ಆ ಮೈಸೂರು ಕೇಂದ್ರದಿಂದ ಎಂದು ನಾವೆಲ್ಲರೂ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ಅದು ಹುಟ್ಟಿದ್ದು ಒಬ್ಬ ಅಧ್ಯಾಪಕರ ಮನೆಯಲ್ಲಿ ಎಂಬುದನ್ನು ಮಾತ್ರ ಮರೆತುಬಿಡುತ್ತೇವೆ. ನಮ್ಮ ಶಾಲೆಯ ಮಕ್ಕಳಿಗೆ ಧ್ವನಿಮುದ್ರಣವನ್ನು ಕಲಿಸಬೇಕೆಂಬ ಮಾತು ಬಂದಾಗಲೆಲ್ಲ "ಅದಕ್ಕೆ ಸ್ಟುಡಿಯೋ ಬೇಕಲ್ಲವೆ?" ಎಂಬ ಪ್ರಶ್ನೆ ಏಳುತ್ತದೆಯಾದ್ದರಿಂದ ಇದನ್ನು ಮೊದಲಿಗೇ ಹೇಳಿದೆ.

ಇನ್ನೂ ಹಿಂದಕ್ಕೆ ಹೋದರೆ, ಗೌಹರ್ ಜಾನ್ ಅವರ ಗಾಯನವನ್ನು 1902ರಲ್ಲಿ ಮುದ್ರಿಸಿಕೊಂಡದ್ದು ಕಲ್ಕತ್ತೆಯ ಒಂದು ಹೋಟೆಲಿನ ಕೋಣೆಯಲ್ಲಿ. ತಟ್ಟೆಯಲ್ಲಿ ಹಿಡಿಸುತ್ತಿದ್ದುದು ಮೂರು ನಿಮಿಷ. ಹಾಡಿನ ಕೊನೆಯಲ್ಲಿ ಆಕೆ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ಕಡೆಗಾಲದಲ್ಲಿ ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಅವರ ಕಂಠವನ್ನು ಇಂದಿಗೂ ಕೇಳಬಹುದು. ಇದೇ ಮೈಸೂರು ಸೀಮೆಯಲ್ಲಿ ಅದೇ ಕಾಲದಲ್ಲಿ ಇರುಳಿಡೀ ಹಾಡಿದ ಎಷ್ಟು ಮಂದಿ ನೀಲಗಾರರ ಕಂಠ ಉಳಿದಿದೆ?

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಹಂಪಾಪುರದಲ್ಲಿ ಮಂಟೇಸ್ವಾಮಿ ಕಥೆ ಹಾಡಬಲ್ಲ ವೃದ್ಧರೊಬ್ಬರನ್ನು ಮನೆಗೆ ಕರೆದು, ತಂಬೂರಿಯೊಡನೆ ಮೂರು ಗಂಟೆಗಳ ಕಾಲ ಹಾಡಿಸಿ, ಮೊಬೈಲಿನಲ್ಲಿ ಮುದ್ರಿಸಿಕೊಂಡೆ. ಮಾರನೆಯ ದಿನ ಕೇಳಿ ನೋಡುತ್ತೇನೆ: ತಲೆಯ ಮೇಲಿನ ಫ್ಯಾನಿನ ಮೊರೆತ ಎಲ್ಲ ಪದಗಳನ್ನೂ ನುಂಗಿದೆ, ಅವರು ದನಿ ಎತ್ತಿದ ಕಡೆಗಳಲ್ಲೆಲ್ಲ ಒಡಕು ಮಡಕೆಯ ಸದ್ದು, ಮಧ್ಯೆ ಮಧ್ಯೆ ಮಾನಂದವಾಡಿ ರಸ್ತೆಯ ಲಾರಿಗಳು. "ಇನ್ನೊಂದ್ ಸಲ ಹಾಡಾನ ಬುಡಿ ಮೇಷ್ಟ್ರೆ" ಎಂದರು. ಇನ್ನೊಂದು ಸಲ ಕೂಡಿ ಬರಲಿಲ್ಲ. ಮುಂದಿನ ಮಳೆಗಾಲವನ್ನು ಅವರು ಕಾಣಲಿಲ್ಲ. ಯಂತ್ರವನ್ನು ದೂರಿ ಫಲವಿಲ್ಲ. ಫ್ಯಾನನ್ನು ನಿಲ್ಲಿಸಬೇಕೆಂಬ ಬುದ್ಧಿ ನನಗೆ ಹೊಳೆಯಲಿಲ್ಲ.

ಆಮೇಲೆ ಕಲಿತದ್ದನ್ನು ಯಾವ ಹಳ್ಳಿಯ ಹುಡುಗನಿಗಾದರೂ ಒಂದು ವಾರದಲ್ಲಿ ಕಲಿಸಬಹುದು. ಮೈಕನ್ನು ಬಾಯಿಯಿಂದ ಒಂದು ಗೇಣು ದೂರದಲ್ಲಿ, ತುಸು ಓರೆಯಾಗಿ ಇಡಬೇಕು. ನೇರವಾಗಿಟ್ಟರೆ 'ಪ'ಕಾರ 'ಭ'ಕಾರಗಳ ಉಸಿರು ಗುಡುಗಿನಂತೆ ಬಡಿಯುತ್ತದೆ. ತಾಳದ ಲೋಹದ ನಾದ ಬಲು ಚೂಪಾದದ್ದು, ಅದನ್ನು ಹಿಡಿದವರನ್ನು ಹಿಂದೆ ಕೂರಿಸಬೇಕು. ಹಾಡುವವರಿಂದ ಮೊದಲೇ ಅತಿ ಏರಿನ ಸಾಲನ್ನು ಹಾಡಿಸಿ, ಅಳತೆಪಟ್ಟಿ ಸೊನ್ನೆಗಿಂತ ಹತ್ತು ಹನ್ನೆರಡು ಡೆಸಿಬಲ್ ಕೆಳಗೇ ನಿಲ್ಲುವಂತೆ ನೋಡಿಕೊಳ್ಳಬೇಕು. ಹಿಂದಿನ ಟೇಪು ಮಿತಿಮೀರಿದ ದನಿಯನ್ನು ಅಷ್ಟಿಷ್ಟು ಮೆದುಗೊಳಿಸಿ ಸಹಿಸಿಕೊಳ್ಳುತ್ತಿತ್ತು. ಇಂದಿನ ಡಿಜಿಟಲ್ ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ. ಅದು ಸೆಕೆಂಡಿಗೆ 44,100 ಅಥವಾ 48,000 ಸಲ ದನಿಯನ್ನು ಅಳೆದು ಅಂಕಿಗಳಾಗಿ ಬರೆದಿಡುತ್ತದೆ. ಸೊನ್ನೆಯನ್ನು ದಾಟಿದ ದನಿಗೆ ಅದರಲ್ಲಿ ಅಂಕಿಯೇ ಇಲ್ಲ, ತುದಿ ಕತ್ತರಿಸಿಹೋಗುತ್ತದೆ. ಹೀಗೆ ಹೋದದ್ದನ್ನು ಮೊದಲಿನಂತೆ ಮರಳಿ ತರಲಾಗದು.

ಇನ್ನು ಕೋಣೆಯ ವಿಚಾರ. ಬರಿಗೋಡೆಯ ತರಗತಿಯಲ್ಲಿ ದನಿ ಗೋಡೆಯಿಂದ ಗೋಡೆಗೆ ಪುಟಿದು ಕಲಸಿಹೋಗುತ್ತದೆ. ನನ್ನ ಎಣಿಕೆಯಲ್ಲಿ ನಮ್ಮ ಶಾಲೆಯ ಅತ್ಯುತ್ತಮ ಸ್ಟುಡಿಯೋ ವಿದ್ಯಾರ್ಥಿನಿಲಯದ ದವಸದ ಕೋಣೆ! ಸುತ್ತಲೂ ರಾಗಿ ಮೂಟೆಗಳು, ಕಿಟಕಿ ಒಂದೇ. ಬಾಗಿಲಿಗೆ ಎರಡು ಕಂಬಳಿ ಇಳಿಬಿಟ್ಟರೆ ಸಾಕು. ಅಡುಗೆಭಟ್ಟರು ಒಪ್ಪಬೇಕು, ಅಷ್ಟೆ.

ಆದ್ದರಿಂದ ದಾನಿಗಳಲ್ಲಿ ನನ್ನ ಬಿನ್ನಹವೇನೆಂದರೆ, ಗಾಜಿನ ಗೋಡೆಯ ಕೋಣೆಯನ್ನು ಕಟ್ಟಿಸಿ ಬಾಗಿಲ ಮೇಲೆ ಹೆಸರು ಕೆತ್ತಿಸುವ ಯೋಚನೆಯನ್ನು ಸದ್ಯಕ್ಕೆ ಬಿಡಬೇಕು. ಕೈಯಲ್ಲಿ ಹಿಡಿಯಬಹುದಾದ ಎರಡು ಮುದ್ರಣಯಂತ್ರ, ಎರಡು ಮೈಕು, ಕಿವಿ ಮುಚ್ಚುವ ಹೆಡ್‌ಫೋನು, ಒಂದು ಹಳೆಯ ಗಣಕಯಂತ್ರ; ಇಷ್ಟು ಒದಗಿಸಿದರೆ ಸಾಕು. ಕತ್ತರಿಸಿ ಜೋಡಿಸಲು ಬೇಕಾದ 'ಆಡಾಸಿಟಿ' ತಂತ್ರಾಂಶ 2000ದಿಂದ ಉಚಿತವಾಗಿಯೇ ದೊರೆಯುತ್ತಿದೆ.

ಯಂತ್ರ ಕೈಗೆ ಸಿಕ್ಕರೆ ಮಕ್ಕಳು ಸಿನಿಮಾ ಹಾಡಿನ ಬೆನ್ನುಹತ್ತುತ್ತಾರೆಂದು ಕೆಲವು ಸಹೋದ್ಯೋಗಿಗಳು ಶಂಕಿಸುತ್ತಾರೆ. ಹತ್ತಲಿ, ಅದರಿಂದಲೂ ಕಿವಿ ಪಳಗುತ್ತದೆ. ನನ್ನ ಆತಂಕ ಬೇರೆ. ಹಾಡಿದವರ ಅಪ್ಪಣೆಯಿಲ್ಲದೆ, ಹೆಸರೂ ಹೇಳದೆ, ಊರಿಗೆಲ್ಲ ಹಂಚಿಬಿಡುವ ಚಾಳಿ ಈಗ ಬೆಳೆದಿದೆ. ಅಪ್ಪಣೆ ಕೇಳುವುದನ್ನು, ಮುದ್ರಣದ ಆರಂಭದಲ್ಲಿಯೇ ಹಾಡುವವರ ಹೆಸರು, ಊರು, ತಾರೀಖುಗಳನ್ನು ನುಡಿಸುವುದನ್ನು ಮೊದಲ ಪಾಠವಾಗಿಸಬೇಕು. ಗುಂಡಿ ಒತ್ತುವುದು ಎರಡನೆಯದು. ಅಪ್ಪಣೆ ದೊರೆತವುಗಳಿಗೆ ಹತ್ತಿರದಲ್ಲಿಯೇ ದಾರಿಯಿದೆ: ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯವರು 2012ರಲ್ಲಿ 'ಜನಧ್ವನಿ' ಸಮುದಾಯ ಬಾನುಲಿಯನ್ನು ಆರಂಭಿಸಿದ್ದು ನಮ್ಮ ಭಾಗದ ಜನರ ದನಿಗಾಗಿಯೇ.

ನಮ್ಮ ಬಂಧುಗಳಲ್ಲಿ ಸೋಬಾನೆ ಪದಗಳನ್ನು ಪೂರ್ತಿಯಾಗಿ ಬಲ್ಲ ಅಜ್ಜಿಯರು ಇಬ್ಬರೇ ಉಳಿದಿದ್ದಾರೆ. ಕಿರಿಯರಿಗೆ ಎಪ್ಪತ್ತೆಂಟು. ಈ ಬೇಸಗೆ ರಜೆಯಲ್ಲಿ ಎಂಟನೆಯ ತರಗತಿಯ ನಾಲ್ವರು ಮಕ್ಕಳನ್ನು ಕರೆದುಕೊಂಡು ಅವರ ಮನೆಗೆ ಹೋಗುವವನಿದ್ದೇನೆ. ಯಂತ್ರ ಸದ್ಯಕ್ಕೆ ನನ್ನದೇ. ಫ್ಯಾನು ನಿಲ್ಲಿಸುವ ಹೊಣೆಯನ್ನು ಒಬ್ಬ ಹುಡುಗನಿಗೆ ಈಗಲೇ ವಹಿಸಿದ್ದೇನೆ.