ಬೇಗಂಪೇಟೆಯಲ್ಲೊಬ್ಬರು ಸಿಂದಗಿಯವರು

ಕಳೆದ ತಿಂಗಳು ಸೇಡಂನಿಂದ ನಮ್ಮ ಸೋದರಮಾವ ಬಂದಿದ್ದರು. ಬೇಗಂಪೇಟೆ ಮೆಟ್ರೊ ನಿಲ್ದಾಣದ ಮೆಟ್ಟಿಲು ಇಳಿಯುತ್ತಾ ಕೇಳಿದರು: “ರಮಾನಂದ ತೀರ್ಥರ ಸಮಾಧಿ ಇಲ್ಲೇ ಅದ ಅಲ್ಲ, ನೋಡೀಯೇನಪ್ಪ?” ಆರು ವರ್ಷದಿಂದ ಇದೇ ದಾರಿಯಲ್ಲಿ ಆಫೀಸಿಗೆ ಹೋಗುವ ನಾನು ನೋಡಿರಲಿಲ್ಲ. ಆ ಸಂಜೆ ಇಬ್ಬರೂ ಹೋಗಿ ಕೈಮುಗಿದು ಬಂದೆವು.

ಸ್ವಾಮಿ ರಮಾನಂದ ತೀರ್ಥರು ಹುಟ್ಟಿದ್ದು ನಮ್ಮ ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ, 1903ರ ಅಕ್ಟೋಬರ್ 3ರಂದು. ಪೂರ್ವಾಶ್ರಮದ ಹೆಸರು ವೆಂಕಟೇಶ ಖೇಡಗೀಕರ. ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರ ಜೊತೆ ಕೆಲಸ ಮಾಡಿದರು. ಮರಾಠವಾಡದ ಹಿಪ್ಪರಗಾದ ರಾಷ್ಟ್ರೀಯ ಶಾಲೆಯಲ್ಲಿ ಮಾಸ್ತರಿಕೆ ಮಾಡಿದರು. ಆಮೇಲೆ ಕಾವಿ ಉಟ್ಟರು. ಆದರೆ ಮಠ ಕಟ್ಟಲಿಲ್ಲ, ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಕಟ್ಟಿದರು.

ನಿಜಾಮರ ಸಂಸ್ಥಾನದಲ್ಲಿದ್ದ 16 ಜಿಲ್ಲೆಗಳಲ್ಲಿ ಎಂಟು ತೆಲುಗಿನವು, ಐದು ಮರಾಠಿಯವು, ಮೂರು ಕನ್ನಡದವು. ಆಡಳಿತದ ಭಾಷೆ ಮಾತ್ರ ಉರ್ದು. ನಮ್ಮಜ್ಜ ಕನ್ನಡದಲ್ಲಿ ಮಾತಾಡಿ ಉರ್ದುವಿನಲ್ಲಿ ಅರ್ಜಿ ಬರೆಯುತ್ತಿದ್ದರು. ಇಂಥ ನಾಡಿನಲ್ಲಿ ಮೂರೂ ಭಾಷೆಯ ಜನರನ್ನು ಒಂದೇ ಚಳವಳಿಗೆ ತಂದದ್ದು ಸ್ವಾಮೀಜಿಯವರ ದೊಡ್ಡ ಕೆಲಸ. 1938ರ ಸತ್ಯಾಗ್ರಹದಲ್ಲಿ ಸೆರೆಮನೆ ಸೇರಿದರು. 1947ರ ಆಗಸ್ಟ್ 15ರಂದು ದೇಶವೆಲ್ಲ ಬಾವುಟ ಹಾರಿಸುತ್ತಿದ್ದಾಗ ಇಲ್ಲಿ ಅವರನ್ನು ಮತ್ತೆ ಬಂಧಿಸಿದರು. ನಡುವೆ ಕೆಲವು ದಿನ ಬಿಟ್ಟರೆ, 1948ರ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯ ತನಕ ಜೈಲೇ ಅವರ ಆಶ್ರಮ.

ಅವರು ಒಳಗಿದ್ದಾಗ ಹೊರಗೆ ಅದೇ ಮಾತನ್ನು ಉರ್ದುವಿನಲ್ಲಿ ಬರೆಯುತ್ತಿದ್ದವರು ‘ಇಮ್ರೋಜ್’ ಪತ್ರಿಕೆಯ ಯುವ ಸಂಪಾದಕ ಶೋಯೆಬುಲ್ಲಾ ಖಾನ್. ಸಂಸ್ಥಾನ ಭಾರತಕ್ಕೆ ಸೇರಬೇಕೆಂದು ಬರೆದದ್ದಕ್ಕೆ ರಜಾಕಾರರು 1948ರ ಆಗಸ್ಟ್‌ನಲ್ಲಿ ಇದೇ ನಗರದಲ್ಲಿ ಅವರನ್ನು ಕೊಂದರು. ವಿಮೋಚನೆಗೆ ಇನ್ನೊಂದೇ ತಿಂಗಳಿತ್ತು. ಆ ಹೋರಾಟವನ್ನು ಎರಡು ಧರ್ಮಗಳ ಜಗಳ ಎನ್ನುವವರಿಗೆ ಈ ಒಂದು ಹೆಸರೇ ಸಾಕು.

1952ರ ಮೊದಲ ಚುನಾವಣೆಯಲ್ಲಿ ಸ್ವಾಮೀಜಿ ಲೋಕಸಭೆಗೆ ಹೋದದ್ದು ಗುಲಬರ್ಗಾದಿಂದ. ಹೈದರಾಬಾದ್ ರಾಜ್ಯ ಹಾಗೇ ಉಳಿಯಲಿ ಎನ್ನುವವರು ಆಗ ಬಹಳ ಇದ್ದರು. ನೆಹರೂ ಅವರಿಗೂ ಅದನ್ನು ಒಡೆಯುವ ಮನಸ್ಸಿರಲಿಲ್ಲ. ಸ್ವಾಮೀಜಿ ಮಾತ್ರ, ಜನರ ಆಡಳಿತ ಜನರ ಭಾಷೆಯಲ್ಲೇ ಆಗಬೇಕು, ಅದಕ್ಕಾಗಿ ರಾಜ್ಯ ಮೂರಾಗಲಿ ಎಂದರು. ತಾವು ಮುಂದಾಳಾಗಿದ್ದ ರಾಜ್ಯವನ್ನೇ ಕರಗಿಸಿರಿ ಎಂದ ರಾಜಕಾರಣಿಯನ್ನು ಇವತ್ತು ಎಲ್ಲಿ ಹುಡುಕೋಣ? 1956ರ ನವೆಂಬರ್ 1ರಂದು ಬೀದರ್, ಗುಲಬರ್ಗಾ, ರಾಯಚೂರು ನಮಗೆ ಬಂದವು.

1967ರಲ್ಲಿ ಆ ಹೋರಾಟದ ನೆನಪುಗಳನ್ನು ಇಂಗ್ಲಿಷಿನಲ್ಲಿ ಪುಸ್ತಕವಾಗಿ ತಂದರು. 1972ರ ಜನವರಿ 22ರಂದು ಹೈದರಾಬಾದಿನಲ್ಲೇ ತೀರಿಕೊಂಡರು.

ನಾಡನ್ನು ಹಂಚಿಕೊಂಡ ನಾವು ನೆನಪನ್ನೂ ಹಂಚಿಕೊಂಡುಬಿಟ್ಟೆವು. ನಾಂದೇಡದ ವಿಶ್ವವಿದ್ಯಾಲಯಕ್ಕೆ ಸ್ವಾಮೀಜಿಯವರ ಹೆಸರಿದೆ. ಸೆಪ್ಟೆಂಬರ್ 17 ನಮ್ಮಲ್ಲಿ ಕಲ್ಯಾಣ ಕರ್ನಾಟಕ ಉತ್ಸವ, ಅವರಲ್ಲಿ ಮರಾಠವಾಡ ಮುಕ್ತಿ ಸಂಗ್ರಾಮದ ದಿನ. ತೆಲಂಗಾಣದಲ್ಲಿ ಆ ದಿನವನ್ನು ಏನೆಂದು ಕರೆಯಬೇಕು ಎಂಬ ವಾದವೇ ಇನ್ನೂ ಮುಗಿದಿಲ್ಲ. ಮೂರೂ ಕಡೆಯವರು ಒಂದೇ ಲಿಫ್ಟಿನಲ್ಲಿ ಓಡಾಡುವುದು ಈ ಊರಿನಲ್ಲಿ. ಹಾಗಾಗಿ ಹರಿದ ನೆನಪನ್ನು ಹೊಲಿಯುವ ಕೆಲಸ ವಲಸೆ ಬಂದ ನಮಗೇ ಸುಲಭ.

ಮಾವ ಊರಿಗೆ ಹೊರಡುವಾಗ ಅಂದರು: “ನಮ್ಮಪ್ಪಗ ಹೈದರಾಬಾದ್ ಪರವೂರಲ್ಲ, ರಾಜಧಾನಿ. ನೀ ಇಲ್ಲಿ ಬಾಡಿಗಿ ಮನ್ಯಾಗ ಇರಬಹುದು, ಆದ್ರ ಹೊರಗಿನಾಂವ ಅಲ್ಲಪ್ಪ.”

ಮುಂದಿನ ಸೆಪ್ಟೆಂಬರ್ 17ಕ್ಕೆ ನಮ್ಮ ಅಪಾರ್ಟ್‌ಮೆಂಟಿನ ಮರಾಠಿ, ತೆಲುಗು ನೆರೆಯವರನ್ನೂ ಕರೆದುಕೊಂಡು ಹೋಗುವವನಿದ್ದೇನೆ. ನೀವೂ ಬನ್ನಿ. ಮೆಟ್ರೊ ಇಳಿದರೆ ದೂರವೇನಿಲ್ಲ.